ಎರಡನೇ ಸ್ವರ ಯಾರದು

ಹಾಲ್‌ನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಎದುರಿನ ಗೋಡೆಯ ಪಕ್ಕ ಸ್ಟ್ಯಾಂಡಿನ ಮೇಲಿದ್ದ ಮಗಳ ಕೀಬೋರ್ಡ್ ಇದ್ದಕ್ಕಿದ್ದಂತೆ ಕೊಳಲಿನ ದನಿ ತೆಗೆದು ಸ ಪ ಸ ಎಂದು ಹಾಡಿತು. ಅದರ ಮುಂದೆ ಯಾರೂ ಇರಲಿಲ್ಲ. ಹಾರ್ಮೋನಿಯಂ ಕಲಿತ ನನ್ನಂಥವರು ಒತ್ತುವ ಪಟ್ಟಿಗಳಿಗೆ ‘ಮನೆ’ ಎನ್ನುತ್ತೇವೆ. ಆ ಬಿಳಿ ಮನೆ, ಕರಿ ಮನೆಗಳಲ್ಲಿ ಒಂದೂ ಅಲುಗಿರಲಿಲ್ಲ. ಆದರೂ ಹಾಡುತ್ತಿತ್ತು. ಮೊರ ಕೈಜಾರಿ ಅವರೆಕಾಳು ದಿವಾನದ ಕೆಳಗೆಲ್ಲ ಉರುಳಿದವು. ನಾನು ಕಿರುಚಿದ್ದು ಪಕ್ಕದ ಮನೆಯವರಿಗೂ ಕೇಳಿಸಿತಂತೆ, ಆಮೇಲೆ ಅವರೇ ಹೇಳಿದರು.

ಮಗಳು ತನ್ನ ಕೋಣೆಯಿಂದ ಓಡಿಬಂದಳು. ಅವಳು ಮಡಿಕೇರಿಯ ಶಾಲೆಯೊಂದರಲ್ಲಿ ಸಂಗೀತದ ಟೀಚರ್, ನನ್ನ ಹಾಗೆಯೇ.

“ಎಂತ ಆಯ್ತಮ್ಮ?”

“ಅದು ತಾನಾಗೇ ಹಾಡ್ತು.”

“ತಾನಾಗಿ ಎಲ್ಲಿ? ನಾನು ಒಳಗೆ ಇನ್ನೊಂದರಲ್ಲಿ ಬಾರಿಸ್ತಾ ಇದ್ದೆ. ವೈರ್ ಎಳೆದಿದ್ದೇನೆ, ನೋಡಿಲ್ವಾ? ಮಿಡಿ.”

ನನಗೆ ಕೇಳಿಸಿದ್ದು ‘ಮಿಡಿ’ ಅಲ್ಲ, ‘ಮೀದಿ’. ಕೊಡವರ ಮನೆಗಳಲ್ಲಿ ತೀರಿಹೋದ ಹಿರಿಯರಿಗೆ ಬಾಳೆಲೆಯಲ್ಲಿ ಬಡಿಸಿಡುವ ಎಡೆಗೆ ಮೀದಿ ಎನ್ನುತ್ತಾರೆ. ನಾವು ಕೊಡವರಲ್ಲ, ನಮ್ಮ ಮನೆಯಲ್ಲಿ ಆ ಪದ ಯಾರೂ ಆಡುವುದಿಲ್ಲ. ಕೀಬೋರ್ಡ್ ಹಾಡಿದ್ದಕ್ಕಿಂತ ಆ ಪದ ಕೇಳಿದ್ದಕ್ಕೇ ನಾನು ಹೆಚ್ಚು ಬೆಚ್ಚಿದೆ. ಮಗಳು ನನ್ನ ಮುಖ ನೋಡಿ ಹೆದರಿ ನೀರು ತರಲು ಹೋದಳು.

ಯಾರೂ ಮುಟ್ಟದ ಮನೆ ಸ್ವರ ಕೊಟ್ಟದ್ದನ್ನು ನಾನು ಕಂಡದ್ದು ಅದು ಎರಡನೇ ಸಲ. ಮೊದಲ ಸಲ ಕಂಡಾಗ ನನಗೆ ಇಪ್ಪತ್ತೆರಡು. ಆಗ ಒಬ್ಬ ಹೆಂಗಸಿನ ವಿಷಯದಲ್ಲಿ ನಾನು ಮಾಡಿದ ಕೆಲಸ ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಹಾಸನದ ಕಡೆಯ ನನ್ನನ್ನು ಪಾಲಿಬೆಟ್ಟದ ಹತ್ತಿರದ ಒಂದು ಶಾಲೆಗೆ ಹಾಕಿದರು. ಕನ್ನಡ, ಸಂಗೀತ ಎರಡೂ ನನ್ನ ತಲೆಗೆ. ಅಲ್ಲಿ ಯಾರಿಗೂ ನನ್ನ ಹೆಸರು ಬೇಕಾಗಲಿಲ್ಲ, ಬಸ್ಸಿನಿಂದ ಇಳಿದ ದಿನವೇ ‘ಮೈಸೂರ್ ಟೀಚರ್’ ಆದೆ. ನಾನಾದರೋ ಮೈಸೂರನ್ನು ಅಲ್ಲಿಯವರೆಗೆ ನೋಡಿದ್ದು ಒಂದೇ ಸಲ, ಅದೂ ಹಲ್ಲು ಕೀಳಿಸಿಕೊಳ್ಳಲು ಹೋದಾಗ.

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಿದ್ದುವುದು ನನ್ನ ಚಟ. ಮದುವೆಯ ಕರೆಯೋಲೆ ಕೈಗೆ ಬಂದರೆ ಮುಹೂರ್ತ ನೋಡುವ ಮೊದಲು ಕಾಗುಣಿತದ ತಪ್ಪು ನೋಡುವವಳು ನಾನು. ಆಗಂತೂ ಕೆಂಪು ಶಾಯಿಯ ಪೆನ್ನು ಕೈಗೆ ಹೊಸದಾಗಿ ಬಂದಿತ್ತು. ಊರಿಗೆ ಊರೇ ನನ್ನ ಕಣ್ಣಿಗೆ ತಿದ್ದಬೇಕಾದ ಕಾಪಿ ಪುಸ್ತಕದ ಹಾಗೆ ಕಾಣುತ್ತಿತ್ತು.

ನನಗೆ ಕೋಣೆ ಸಿಕ್ಕಿದ್ದು ಒಬ್ಬ ಕೊಡವ ವಿಧವೆಯ ಮನೆಯಲ್ಲಿ. ಮನೆಯಲ್ಲಿ ಅವರು ಮತ್ತು ಅವರ ಮಗ, ಇಬ್ಬರೇ. ಮಗ ಪಕ್ಕದ ಎಸ್ಟೇಟಿನಲ್ಲಿ ರೈಟರ್ ಎಂದು ಹೇಳಿದರು. ನಾನು ಭಕ್ತಿಯಿಂದ “ತಮ್ಮ ಯಾವ ಪುಸ್ತಕ ಬಂದಿದೆ?” ಎಂದು ಕೇಳಿದೆ. ಮಗ ನಗದೆ, “ಚೆಕ್‌ರೋಲ್ ಅಂತ ಒಂದುಂಟು ಟೀಚರ್, ದಿನಾ ಬರೀತೇನೆ” ಎಂದರು. ಎಸ್ಟೇಟಿನ ಲೈನ್‌ಮನೆಗಳಲ್ಲಿರುವ ಆಳುಗಳ ಹಾಜರಿ ಬರೆಯುವವರಿಗೆ ಅಲ್ಲಿ ರೈಟರ್ ಎನ್ನುತ್ತಾರೆ ಎಂದು ನನಗೆ ತಿಳಿದದ್ದು ಒಂದು ವಾರದ ಮೇಲೆ. ನಾಚಿಕೆಯಾಯಿತು. ಆದರೆ ಒಂದೇ ಮಾತು ಇಲ್ಲಿ ಬೇರೆ, ನಮ್ಮಲ್ಲಿ ಬೇರೆ ಎಂಬ ಪಾಠವನ್ನು ಅಂದೇ ಕಲಿಯಬೇಕಿತ್ತು, ಕಲಿಯಲಿಲ್ಲ.

ಅವರ ತಾಯಿಯನ್ನು ನಾನು ‘ಅವ್ವ’ ಎಂದೇ ಕರೆದೆ. ಕೊಡವರಲ್ಲೂ ತಾಯಿಗೆ ಅವ್ವ, ನಮ್ಮ ಹಳ್ಳಿಯ ಕಡೆಯೂ ಅವ್ವ. ಅವರು ಕಡಿಮೆ ಮಾತಿನ ಹೆಂಗಸು. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವುದಿಲ್ಲವೆಂದು ಹೇಳಿದ್ದಕ್ಕೆ ಮರುದಿನವೇ ನನಗೆ ಬೇರೆ ಪಾತ್ರೆ, ಬೇರೆ ಸೌಟು ಬಂದವು. ಬೆಳಿಗ್ಗೆ ಎದ್ದರೆ ಬೆಲ್ಲದ ಕಾಫಿ ಬಿಸಿಬಿಸಿ ಕಾದಿರುತ್ತಿತ್ತು. ತಾಯಿಯನ್ನು ಬಿಟ್ಟು ಬಂದವಳಿಗೆ ಅದಕ್ಕಿಂತ ಹೆಚ್ಚಿನದೇನು ಬೇಕು.

ನಡುಮನೆಯ ಮೂಲೆಯಲ್ಲಿ ಕರಿಯ ಪಟ್ಟಾಳದ ಕಂಬಳಿ ಹೊದಿಸಿದ ಒಂದು ಪೆಟ್ಟಿಗೆ ಇತ್ತು. ಪಟ್ಟಾಳ ಎಂದರೆ ಸೈನ್ಯ. ಅದು ಅವ್ವನ ಗಂಡನ ಹಾರ್ಮೋನಿಯಂ. ಯುದ್ಧದಲ್ಲಿ ಅವರ ಎಡಭುಜಕ್ಕೆ ಗುಂಡು ತಗುಲಿ ಆ ಕೈ ಮೇಲೇಳದಂತಾಗಿತ್ತು. ಮನೆಗೆ ಮರಳುವಾಗ ಉತ್ತರದಲ್ಲೆಲ್ಲೋ ಈ ಹಾರ್ಮೋನಿಯಂ ಕೊಂಡು ತಂದಿದ್ದರು. ಬಲಗೈಯಲ್ಲಿ ಮನೆಗಳನ್ನು ಒತ್ತಬಹುದು, ಆದರೆ ಹಿಂದಿನ ತಿದಿಯನ್ನು ಒತ್ತಿ ಗಾಳಿ ತುಂಬಲು ಇನ್ನೊಂದು ಕೈ ಬೇಕಲ್ಲ. ಆ ಕೈ ಅವ್ವನದಾಯಿತು. ಗಂಡ ಈ ಬದಿ, ಹೆಂಡತಿ ಆ ಬದಿ. ಅವರು ಬಾರಿಸುವುದು, ಇವರು ತಿದಿ ಒತ್ತುವುದು. ಹೀಗೆ ಎಷ್ಟೋ ವರ್ಷ ಪ್ರತಿ ಭಾನುವಾರ ನಡೆಯಿತಂತೆ.

“ಒಂದು ಸ್ವರ ಒತ್ತಿದ್ರೆ ಎರಡು ಕೇಳ್ತಿತ್ತು ಟೀಚರ್,” ಎಂದು ಅವ್ವ ಒಮ್ಮೆ ಹೇಳಿದ್ದರು. “ಎರಡು ಎಂತಕ್ಕೆ ಅಂತ ನಾನು ಕೇಳಿದೆ. ‘ಒಂದು ನನ್ನದು, ಇನ್ನೊಂದು ನಿನ್ನದು’ ಅಂತ ಹೇಳಿದ್ರು.” ಹೇಳುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು, ಹೊಸ ಮದುವಣಗಿತ್ತಿಯ ಹಾಗೆ.

ನಾನು ಹೋಗುವ ಮೂರು ವರ್ಷ ಮೊದಲು, ಕಡು ಮಳೆಗಾಲದಲ್ಲಿ, ಅವ್ವನ ಗಂಡನನ್ನು ಮೈಸೂರಿನ ಆಸ್ಪತ್ರೆಗೆ ಒಯ್ದಿದ್ದರು. ಅಲ್ಲೇ ತೀರಿಕೊಂಡರು. ಹೊಳೆ ಉಕ್ಕಿ ರಸ್ತೆ ಮುಳುಗಿದ್ದರಿಂದ ಹೆಣ ತರಲಾಗಲಿಲ್ಲ, ಜೊತೆಗಿದ್ದವರು ಅಲ್ಲೇ ಮಣ್ಣು ಮಾಡಿ ಬಂದರು. ಅವ್ವ ಗಂಡನ ಮುಖ ನೋಡಲಿಲ್ಲ. ಕೊಡವರಲ್ಲಿ ಸತ್ತವರು ಮನೆಯ ಹಿರಿಯರ ಜೊತೆ ಸೇರಿ ಮನೆಯನ್ನು ಕಾಯುತ್ತಾರೆ ಎಂಬ ನಂಬಿಕೆ. ಹಬ್ಬಕ್ಕೆ ದೀಪದ ಮುಂದೆ ಅವರಿಗೆ ಮೀದಿ ಇಡುತ್ತಾರೆ. ಅವ್ವನೂ ಇಡುತ್ತಿದ್ದರು, ಆದರೆ ಮನಸ್ಸಿಗೆ ಸಮಾಧಾನವಿರಲಿಲ್ಲ.

“ಇಡುದು ಇಡ್ತೇನೆ,” ಎಂದಿದ್ದರು. “ಅವರಿಗೆ ಮುಟ್ಟುದಿಲ್ಲ. ಅವರು ಇನ್ನೂ ದಾರಿಯಲ್ಲಿದ್ದಾರೆ ಟೀಚರ್. ಮನೆಗೆ ಬರ್ಲಿಲ್ಲ.”

ನಾನು ಒಳಗೊಳಗೇ, ಪಾಪ, ಓದಿಲ್ಲದವರು ಎಂದುಕೊಂಡೆ.

ಶಾಲೆಯ ಪ್ರಾರ್ಥನೆಗೆ ರಾಗ ಕೂರಿಸಬೇಕಿತ್ತು. ನನ್ನ ಹತ್ತಿರ ಹಾರ್ಮೋನಿಯಂ ಇರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅವ್ವ ತಾವಾಗಿಯೇ ಕಂಬಳಿ ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಚಾಪೆ ಹಾಸಿ, ಎಂದಿನ ಹಾಗೆ ತಿದಿಯ ಬದಿಗೆ ಹೋಗಿ ಕೂತರು. “ನಾನೇ ಒತ್ಕೋತೀನಿ ಅವ್ವ” ಎಂದರೆ ಕೇಳಲಿಲ್ಲ. “ನೀವು ಬಾರಿಸಿ. ಇದು ನನ್ನ ಕೆಲಸ” ಎಂದರು.

ನಾನು ಮಧ್ಯದ ಸ ಒತ್ತಿದೆ. ಎಡಗಡೆ, ನನ್ನ ಬೆರಳಿನಿಂದ ಗೇಣುದ್ದ ದೂರದಲ್ಲಿ, ಇನ್ನೊಂದು ಮನೆ ತಾನಾಗಿಯೇ ಕೆಳಗಿಳಿಯಿತು. ಕೆಳಗಿನ ಸಪ್ತಕದ ಸ. ಬೆರಳು ತೆಗೆದೆ, ಅದೂ ಮೇಲೆದ್ದಿತು. ರಿ ಒತ್ತಿದೆ, ಅಲ್ಲಿಯೂ ರಿ ಇಳಿಯಿತು. ನಾನು ಊರಿನಲ್ಲಿ ಕಲಿತದ್ದು ಸಾದಾ ಪೆಟ್ಟಿಗೆಯಲ್ಲಿ. ಅದರಲ್ಲಿ ಒತ್ತಿದ್ದು ಇಳಿಯುತ್ತದೆ, ಒತ್ತದೆ ಬಿಟ್ಟದ್ದು ಸುಮ್ಮನಿರುತ್ತದೆ. ಕಾಣದ ಕೈಯೊಂದು ನನ್ನ ಕೈಯ ಪಕ್ಕದಲ್ಲೇ ಕೂತು ಬಾರಿಸುತ್ತಿದೆ ಎನ್ನಿಸಿ ಚಾಪೆಯಿಂದ ಹಿಂದಕ್ಕೆ ಜಿಗಿದೆ. ದೆವ್ವ ಭೂತ ಸುಳ್ಳು ಎಂದು ಮಕ್ಕಳಿಗೆ ಪಾಠ ಮಾಡಿ ಬಂದವಳ ಧೈರ್ಯ ಅಷ್ಟೇ.

“ಎಂತ ಆಯ್ತು?” ಎಂದು ಅವ್ವ ಎದ್ದು ಈಚೆ ಬದಿಗೆ ಬಂದರು. ಅಷ್ಟು ವರ್ಷ ಆ ಕಡೆಯೇ ಕೂತವರು, ಬಾರಿಸುವಾಗ ಮನೆಗಳು ಹೇಗೆ ಇಳಿಯುತ್ತವೆಂದು ಒಂದು ದಿನವೂ ನೋಡಿರಲಿಲ್ಲ. ನಾನು ಮತ್ತೆ ಸ ಒತ್ತಿ ತೋರಿಸಿದೆ. ಅವ್ವ ಕಣ್ಣು ಮಿಟುಕಿಸದೆ ನೋಡಿದರು. ಬಾಯಿಗೆ ಕೈ ಹೋಯಿತು.

ಹೆದರಿದ್ದು ಸಾಲದೆಂದು ನನಗೆ ಹೆದರಿದ್ದೇನೆಂದು ತೋರಿಸಿಕೊಳ್ಳುವ ನಾಚಿಕೆ ಬೇರೆ. ಟೀಚರ್ ಅಲ್ಲವೇ. ಗಂಟಲು ಸರಿಮಾಡಿಕೊಂಡು, “ಇದಕ್ಕೆ ಕಾರಣ ಇದೆ ಅವ್ವ” ಎಂದೆ.

“ಉಂಟಾ?” ಎಂದರು ಅವ್ವ.

“ಇರಲೇಬೇಕು. ಕಾರಣ ಇಲ್ಲದೆ ಇಳಿಯಲ್ಲ.”

“ಎಲ್ಲಿ?”

“ಇದರ ಒಳಗೇ ಇದೆ.”

“ಒಳಗೇ,” ಎಂದು ಅವ್ವ ಮೆಲ್ಲಗೆ ಹೇಳಿ, ಪೆಟ್ಟಿಗೆಯ ಮುಂದೆ ಕೂತರು. ಕಣ್ಣಿನಲ್ಲಿ ನೀರು ಬಂತು. ಗಾಬರಿಯಾಗಿರಬೇಕೆಂದು ನಾನು ನೀರು ತಂದುಕೊಟ್ಟೆ.

ಮರುದಿನ ಶಾಲೆ ಬಿಟ್ಟು ಬಂದು ಬಾಗಿಲು ದಾಟಿದವಳು ಅಲ್ಲೇ ಕಲ್ಲಾದೆ. ಹಾರ್ಮೋನಿಯಂ ಮೇಲೆ ಸಂಪಿಗೆ ಹೂ. ಅದರ ಮುಂದೆ ದೀಪ. ದೀಪದ ಮುಂದೆ ಬಾಳೆಲೆ. ಎಲೆಯಲ್ಲಿ ಕಡುಬು, ಕಪ್ಪಗೆ ಹೊಳೆಯುವ ಹಂದಿಮಾಂಸದ ಸಾರು, ಪಕ್ಕದ ಗಾಜಿನ ಲೋಟದಲ್ಲಿ ಬ್ರಾಂದಿ. ಅದರ ವಾಸನೆ ಮೂಗಿಗೆ ಹೊಡೆಯಿತು. ಸರಸ್ವತಿಯೆಂದು ಮುಟ್ಟಿ ನಮಸ್ಕರಿಸುವ ವಾದ್ಯದ ಮುಂದೆ ಹಂದಿ ಮತ್ತು ಬ್ರಾಂದಿ ನೋಡಿ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅವ್ವ ಹೊಸ ಸೀರೆ ಉಟ್ಟು ಒಳಗಿನಿಂದ ಬಂದರು. ಅಷ್ಟು ದಿನದಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಬನ್ನಿ ಟೀಚರ್. ನಿಮ್ಮಿಂದ ಬಂದ್ರು” ಎಂದರು.

ಮಗ ನನ್ನನ್ನು ಅಂಗಳಕ್ಕೆ ಕರೆದು ಬಿಡಿಸಿ ಹೇಳಿದರು. ಕೊಡವ ಭಾಷೆಯಲ್ಲಿ ಮನೆಯ ಹಿರಿಯನಿಗೆ, ಸತ್ತು ಮನೆ ಕಾಯುವವನಿಗೆ, ‘ಕಾರೋಣ’ ಎನ್ನುತ್ತಾರಂತೆ. ಕಾರಣ, ಕಾರೋಣ, ಅವ್ವನ ಕಿವಿಗೆ ಎರಡೂ ಒಂದೇ. ಹಾರ್ಮೋನಿಯಂ ಒಳಗೆ ಕಾರೋಣ ಇದ್ದಾನೆ ಎಂದು ಓದು ಬರಹ ಬಲ್ಲ ಮೈಸೂರ್ ಟೀಚರ್ ಹೇಳಿದ್ದಾರೆ. ಇನ್ನೇನು ಸಾಕ್ಷಿ ಬೇಕು.

ನಾನು ಒಳಕ್ಕೆ ಹೊರಟೆ. “ಈಗಲೇ ಹೋಗಿ ಹೇಳ್ತೀನಿ. ನಾನು ಹೇಳಿದ್ದು ಅದಲ್ಲ.”

“ಬೇಡ ಟೀಚರ್,” ಎಂದರು ಅವರು. “ನಿನ್ನೆ ಅವ್ವ ಹೊಟ್ಟೆ ತುಂಬ ಊಟ ಮಾಡಿದ್ರು. ಮೂರು ವರ್ಷ ಆಗಿತ್ತು. ನಿಮಗೆ ಎಂತ ನಷ್ಟ?”

ನಷ್ಟ ಏನೂ ಇರಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ನನ್ನ ಹೆಸರಿನಲ್ಲಿ ಒಂದು ತಪ್ಪು ಮನೆಯ ನಡುವೆ ದೀಪ ಹಚ್ಚಿಸಿಕೊಂಡು ಕೂತಿದೆ, ನಾನು ಅದನ್ನು ದಿನಾ ದಾಟಿಕೊಂಡು ಓಡಾಡಬೇಕು. ಪ್ರತಿ ಭಾನುವಾರ ಅವ್ವ ತಿದಿಯ ಬದಿಗೆ ಹೋಗಿ ಕೂರುತ್ತಿದ್ದರು, ನನ್ನನ್ನು ಬಾರಿಸಲು ಹೇಳುತ್ತಿದ್ದರು. ಆಮೇಲೆ ಒತ್ತುವುದನ್ನು ಬಿಟ್ಟು ಇಣುಕಿ, ತಾನಾಗಿ ಇಳಿಯುವ ಮನೆಗಳನ್ನು ನೋಡುವರು. ಗಾಳಿ ಮುಗಿದು ಸ್ವರ ಸೊರಗಿದಾಗ ನಕ್ಕು ಮತ್ತೆ ಒತ್ತುವರು. ನನಗೋ ಬಾರಿಸುವಾಗಲೆಲ್ಲ ಮೈ ಜುಮ್ಮೆನ್ನುತ್ತಿತ್ತು. ಕಾರಣ ಇದೆ ಎಂದವಳಿಗೆ ಆ ಕಾರಣ ಇನ್ನೂ ಗೊತ್ತಾಗಿರಲಿಲ್ಲ.

ಗೊತ್ತಾದದ್ದು ಧೂಳು ಒರೆಸುವಾಗ. ಪೆಟ್ಟಿಗೆಯ ಬಲಬದಿಯಲ್ಲಿ ಗಜ್ಜುಗದಷ್ಟು ಸಣ್ಣ ಹಿತ್ತಾಳೆಯ ಗುಬುಟು ಇತ್ತು. ಬಟ್ಟೆ ತಾಗಿ ಅದು ಒಳಗೆ ಸರಿಯಿತು. ಆಮೇಲೆ ಸ ಒತ್ತಿದರೆ ಸ ಒಂದೇ. ಗುಬುಟನ್ನು ಹೊರಗೆಳೆದೆ, ಎರಡೂ ಇಳಿದವು. ಮೇಲಿನ ಹಲಗೆ ತೆಗೆದು ನೋಡಿದರೆ ಒಂದೊಂದು ಮನೆಯಿಂದಲೂ ಅದರ ಕೆಳಗಿನ ಸಪ್ತಕದ ಮನೆಗೆ ಓರೆಯಾಗಿ ಹೋದ ತಂತಿಗಳು. ಇದನ್ನು ಒತ್ತಿದರೆ ತಂತಿ ಅದನ್ನು ಎಳೆಯುತ್ತದೆ. ಇಷ್ಟೇ. ಆಮೇಲೆ ತಿಳಿಯಿತು, ಇದಕ್ಕೆ ಕಪ್ಲರ್ ಎನ್ನುತ್ತಾರೆ, ಒಳ್ಳೆಯ ಹಾರ್ಮೋನಿಯಂಗಳಲ್ಲಿ ಇರುತ್ತದೆ. ಅವ್ವನ ಗಂಡ ಕೊನೆಯ ಸಲ ಬಾರಿಸಿ ಬಿಟ್ಟಾಗ ಗುಬುಟು ಹೊರಗಿತ್ತು, ಹಾಗೇ ಉಳಿದಿತ್ತು.

ನನಗಾದ ಸಂತೋಷ ಹೇಳತೀರದು. ತಪ್ಪು ಸಿಕ್ಕಿತ್ತು, ಕೆಂಪು ಪೆನ್ನು ಕೈಯಲ್ಲಿತ್ತು. ಮಗ ಎಸ್ಟೇಟಿಗೆ ಹೋಗಿದ್ದರು, ತಡೆಯುವವರು ಯಾರೂ ಇರಲಿಲ್ಲ. ಅವ್ವನನ್ನು ಅಡುಗೆಮನೆಯಿಂದ ಕರೆತಂದು ಕೂರಿಸಿದೆ. ಹಲಗೆ ತೆಗೆದು, ತಂತಿಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದೆ. ‘ಕಾರಣ’ ಎಂಬ ಪದ ಬಾಯಿಗೆ ಬರದಂತೆ ಹುಷಾರಾಗಿದ್ದೆ. ಗುಬುಟು ಒಳಗೆ ಹಾಕಿದರೆ ಒಂದು ಸ್ವರ, ಹೊರಗೆಳೆದರೆ ಎರಡು. ನಾಲ್ಕು ಸಲ ಮಾಡಿ ತೋರಿಸಿದೆ, ದಡ್ಡ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಹಾಗೆ.

ಅವ್ವ ಎಲ್ಲವನ್ನೂ ನೋಡಿದರು. ಅಳಲಿಲ್ಲ. “ಇದು ಅವರಿಗೆ ಗೊತ್ತಿತ್ತಾ?” ಎಂದು ಕೇಳಿದರು.

“ಗೊತ್ತಿಲ್ಲದೆ ಇರ್ತದಾ ಅವ್ವ? ನೋಡಿಯೇ ಕೊಂಡಿರ್ತಾರೆ.”

“ಹಾಗಾದ್ರೆ ಎರಡೂ ಅವರದ್ದೇ.” ಅವ್ವ ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. “ನಾನು ಬರೀ ಗಾಳಿ ಹಾಕಿದ್ದು.”

ಆಗ ನನಗೆ ಬರಸಿಡಿಲು ಬಡಿದಂತಾಯಿತು. ನಾನು ಒಂದು ತಪ್ಪನ್ನು ತಿದ್ದಲು ಕೂತವಳು. ಗಂಡ ಮನೆಗೆ ಬಂದ ಎಂಬುದನ್ನು ಕಿತ್ತುಕೊಂಡದ್ದು ನನಗೆ ಗೊತ್ತಿತ್ತು, ಅದಕ್ಕೆ ಸಿದ್ಧಳಾಗಿಯೇ ಕೂತಿದ್ದೆ. ಆದರೆ ‘ಇನ್ನೊಂದು ನಿನ್ನದು’ ಎಂಬ ಮಾತನ್ನೂ ಅದರ ಜೊತೆಗೇ ಕಿತ್ತೆ ಎಂದು ಆ ಕ್ಷಣದವರೆಗೆ ಹೊಳೆದಿರಲಿಲ್ಲ. ಅಷ್ಟು ವರ್ಷದ ಭಾನುವಾರಗಳು ಒಂದು ಮಧ್ಯಾಹ್ನದಲ್ಲಿ ಹೋದವು. ಏನಾದರೂ ಹೇಳಬೇಕಿತ್ತು. ಯಾರಿಗೆ ಬೇಕಾದರೂ ಹೊಳೆಯುವಂಥ ಒಂದು ಉತ್ತರವಿತ್ತು, ನನಗೆ ಹೊಳೆಯಲಿಲ್ಲ. ಹಲಗೆಯನ್ನು ಮತ್ತೆ ಕೂರಿಸಿ ತಿರುಪುಮೊಳೆ ಬಿಗಿ ಮಾಡಿದೆ.

ಅದೇ ವಾರ ಹಾರ್ಮೋನಿಯಂ ಎಸ್ಟೇಟ್ ಲಾರಿಯಲ್ಲಿ ನಮ್ಮ ಶಾಲೆಗೆ ಬಂತು. “ಮಕ್ಕಳಿಗೆ ಆಗ್ಲಿ” ಎಂದು ಅವ್ವ ಹೇಳಿ ಕಳಿಸಿದ್ದರು. ನನ್ನ ಮೇಲೆ ಒಂದು ಬಿರುಸು ಮಾತು ಆಡಲಿಲ್ಲ. ಬೆಳಗಿನ ಬೆಲ್ಲದ ಕಾಫಿ ತಪ್ಪಲಿಲ್ಲ, ಬೇರೆ ಪಾತ್ರೆ, ಬೇರೆ ಸೌಟು ತಪ್ಪಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹುತ್ತರಿ ಹಬ್ಬಕ್ಕೆ ದೀಪದ ಮುಂದೆ ಮೀದಿ ಇಟ್ಟು ನಿಂತಾಗ ಅವರ ಮುಖ ಮತ್ತೆ ಮೊದಲಿನ ಹಾಗೇ ಆಗಿತ್ತು. ಮನೆಗೆ ಬಂದಿದ್ದವರನ್ನು ನಾನು ಮತ್ತೆ ದಾರಿಗೆ ಕಳಿಸಿದ್ದೆ. ಮಗ ನನಗೆ ಹೇಳಿದ್ದು ಒಂದೇ ಮಾತು: “ನಿಮ್ಮ ಲೆಕ್ಕ ಸರಿಯೇ ಟೀಚರ್.” ಆ ಮಾತು ಈಗಲೂ ಚುಚ್ಚುತ್ತದೆ.

ಎರಡು ವರ್ಷದ ಮೇಲೆ ನನಗೆ ವರ್ಗವಾಯಿತು. ಮದುವೆಯಾಗಿ ಮಡಿಕೇರಿಯಲ್ಲೇ ಉಳಿದೆ. ಅವ್ವ ಹೋದ ಸುದ್ದಿ ಮಗ ಬರೆದ ಕಾರ್ಡಿನಲ್ಲಿ ಬಂತು. ಆ ಕಾರ್ಡಿನಲ್ಲಿ ಎರಡು ಕಾಗುಣಿತದ ತಪ್ಪು ಇದ್ದವು. ನನ್ನ ಕಣ್ಣು ಮೊದಲು ಹೋದದ್ದು ಅವುಗಳ ಮೇಲೆಯೇ, ಆಮೇಲೆ ಸುದ್ದಿಯ ಮೇಲೆ. ನಾನು ಅಂಥವಳು.

ಮಗಳು ತಂದ ನೀರು ಕುಡಿದೆ. ಅವಳು ನನ್ನನ್ನು ಸಮಾಧಾನ ಮಾಡಲು ವೈರನ್ನು ಕಿತ್ತು ತಂದು ತೋರಿಸಿದಳು. ತುದಿಯಲ್ಲಿ ಐದು ಸಣ್ಣ ಮುಳ್ಳು. ಅವಳ ಕೋಣೆಯಲ್ಲಿದ್ದದ್ದು ದೊಡ್ಡ ಕೀಬೋರ್ಡ್. ಅದರ ಮನೆಗಳು ಬೆರಳಿಗೆ ಚೆನ್ನ, ಆದರೆ ಸ್ವರ ಕೆಟ್ಟದು. ಹಾಲ್‌ನಲ್ಲಿರುವುದು ಚಿಕ್ಕದು, ಸ್ವರ ಒಳ್ಳೆಯದು. ಅದರಿಂದ ಇದಕ್ಕೆ ವೈರ್ ಎಳೆದರೆ ಅಲ್ಲಿ ಬಾರಿಸಿ ಇಲ್ಲಿ ಹಾಡಿಸಬಹುದು.

“ಕಪ್ಲರ್,” ಎಂದೆ ನಾನು.

“ಎಂತದು?”

“ಏನಿಲ್ಲ. ಅಲ್ಲಿಯ ಸ್ವರ ಈ ವೈರಿನಲ್ಲಿ ಬರೋದಾ?”

“ಇಲ್ಲಮ್ಮ, ಎಲ್ರೂ ಹಾಗೇ ಅಂದುಕೊಳ್ಳೋದು. ವೈರಲ್ಲಿ ಸ್ವರ ಬರುದೇ ಇಲ್ಲ. ಯಾವ ಮನೆ ಒತ್ತಿದೆ, ಎಷ್ಟು ಜೋರಾಗಿ ಒತ್ತಿದೆ, ಯಾವಾಗ ಬಿಟ್ಟೆ, ಅಷ್ಟು ಸುದ್ದಿ ಮಾತ್ರ ಬರುದು. ಸ್ವರ ಪೂರ್ತಿ ಇದರದ್ದೇ. ಇದಕ್ಕೆ ಕರೆಂಟ್ ಇಲ್ಲದಿದ್ರೆ ನಾನು ಅಲ್ಲಿ ಎಷ್ಟು ಬಡಿದ್ರೂ ಒಂದು ಸ್ವರ ಇಲ್ಲ.”

ನಾನು ನೆಲದ ಮೇಲೆ ಕೂತುಬಿಟ್ಟೆ. ಅವಳು ಅವರೆಕಾಳು ಹೆಕ್ಕಲು ಕೂತೆನೆಂದು ತಿಳಿದಳು. ತಂತಿಯಲ್ಲಿ ಸ್ವರ ಇರಲಿಲ್ಲ. ಯಾವ ಮನೆ ಇಳಿಯಬೇಕು ಎಂಬ ಸುದ್ದಿ ಮಾತ್ರ ಇತ್ತು. ಸ್ವರ ಇದ್ದದ್ದು ಗಾಳಿಯಲ್ಲಿ, ಗಾಳಿ ಇದ್ದದ್ದು ಅವ್ವನ ಕೈಯಲ್ಲಿ. ಅವರು ಒತ್ತುವುದನ್ನು ಬಿಟ್ಟು ಇಣುಕಿದಾಗಲೆಲ್ಲ ಸ್ವರ ಸೊರಗಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಆ ಮನುಷ್ಯ ಹೆಂಡತಿಗೆ ಸುಳ್ಳು ಹೇಳಿರಲಿಲ್ಲ. ಅವ್ವ ತಪ್ಪು ತಿಳಿದಿರಲಿಲ್ಲ. ಆ ಮನೆಯಲ್ಲಿ ತಪ್ಪು ತಿಳಿದವಳು ಒಬ್ಬಳೇ, ಕೆಂಪು ಪೆನ್ನು ಹಿಡಿದವಳು. ಬರೀ ಗಾಳಿ ಅಲ್ಲ ಅವ್ವ, ಗಾಳಿಯೇ ಸ್ವರ ಎಂಬ ಒಂದು ಮಾತು ಅಂದು ನನ್ನ ಬಾಯಿಗೆ ಬರಲಿಲ್ಲವಲ್ಲ ಎಂದು ಬಿಕ್ಕಿಬಿಕ್ಕಿ ಅತ್ತೆ. ಹೇಳಿಸಿಕೊಳ್ಳಬೇಕಾದವರು ಇರಲಿಲ್ಲ.

ಆ ಸಂಜೆ ಬೆಲ್ಲದ ಕಾಫಿ ಮಾಡಿದೆ. ಒಂದು ಲೋಟ ಮಗಳಿಗೆ, ಒಂದು ನನಗೆ. ಮೂರನೆಯದನ್ನು ತಂದು ಹಾಲ್‌ನ ಕೀಬೋರ್ಡಿನ ಮುಂದೆ ಸ್ಟೂಲಿನ ಮೇಲೆ ಇಟ್ಟೆ. ಮಗಳು ಕೋಣೆಯ ಬಾಗಿಲಿನಿಂದ ನೋಡಿದಳು.

“ಅದು ಯಾರಿಗಮ್ಮ? ಕೀಬೋರ್ಡ್ ಮೇಲೆ ಚೆಲ್ಲಿದ್ರೆ ಕಷ್ಟ.”

“ಮೀದಿ” ಎಂದೆ.

“ಮಿಡಿ ಬೇಕಾ? ಈಗ ಹಾಕ್ತೇನೆ, ಇರಿ,” ಎಂದು ಅವಳು ವೈರ್ ಸಿಕ್ಕಿಸಲು ಬಗ್ಗಿದಳು.

ನಾನು ಅವಳನ್ನು ತಿದ್ದಲಿಲ್ಲ.